ಶಜರಾದಲ್ಲಿ ಇಲ್ಲದ ಹೆಸರುಗಳು

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಉರ್ದುವಿನಲ್ಲಿ ಬರೆದಿಟ್ಟ ಒಂದು ಶಜರಾ ಇದೆ. ಏಳು ತಲೆಮಾರಿನ ಗಂಡಸರ ಹೆಸರುಗಳಿವೆ. ಹೆಂಗಸರ ಹೆಸರು ಒಂದೂ ಇಲ್ಲ. ಮನೆತನದ ಚರಿತ್ರೆ ಎಂದರೆ ಇಷ್ಟೇ ಎಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಊರ್ವಶಿ ಬುಟಾಲಿಯಾ ಅವರ ‘ದಿ ಅದರ್ ಸೈಡ್ ಆಫ್ ಸೈಲೆನ್ಸ್’ (1998) ಎಂಬ ಇಂಗ್ಲಿಷ್ ಕೃತಿ.

ದೇಶವಿಭಜನೆಯನ್ನು ಕಂಡುಂಡವರ ಮಾತುಗಳನ್ನು ದಾಖಲಿಸಿದ ಈ ಪುಸ್ತಕ ಲೇಖಕಿಯ ಮನೆಯಿಂದಲೇ ಆರಂಭವಾಗುತ್ತದೆ. ಅವರ ತಾಯಿ ಭಾರತಕ್ಕೆ ಬಂದರು. ಸೋದರಮಾವ ಲಾಹೋರಿನಲ್ಲೇ ಉಳಿದು ಮುಸ್ಲಿಮರಾದರು, ಅಜ್ಜಿಯನ್ನೂ ತಮ್ಮ ಬಳಿಯೇ ಇರಿಸಿಕೊಂಡರು. ಆಸ್ತಿಗಾಗಿ ಹೀಗೆ ಮಾಡಿದ ಎಂಬುದು ಈಚೆಯವರ ಸಿಟ್ಟು. 1984ರ ದೆಹಲಿಯ ಸಿಖ್ ವಿರೋಧಿ ಹಿಂಸಾಚಾರದ ಸಂತ್ರಸ್ತರ ನಡುವೆ ಕೆಲಸ ಮಾಡಿದ ಬುಟಾಲಿಯಾ, ವಿಭಜನೆಯಾಗಿ ನಲವತ್ತು ವರ್ಷಗಳ ನಂತರ ಆ ಮಾವನ ಮನೆ ಬಾಗಿಲಿಗೆ ಹೋದರು.

ಮಾವನ ಮಾತನ್ನೂ ತಾಯಿಯ ನೋವನ್ನೂ ಅವರು ಪಕ್ಕಪಕ್ಕದಲ್ಲಿಡುತ್ತಾರೆ, ತೀರ್ಪು ಕೊಡಲು ಹೋಗುವುದಿಲ್ಲ. ಈ ಕೃತಿಯ ಹಿರಿಮೆ ಇದು. ನಮ್ಮಲ್ಲಿ ಬರುವ ಮನೆತನದ ಪುಸ್ತಕಗಳಲ್ಲಿ ಅಜ್ಜಂದಿರೆಲ್ಲ ದಾನಿಗಳು, ಧರ್ಮಭೀರುಗಳು. ಜಗಳ, ಹಸಿವು, ಹೆದರಿಕೆಗೆ ಅಲ್ಲಿ ಜಾಗವಿಲ್ಲ.

ಆದರೆ ಇಲ್ಲೂ ಒಂದು ದೊಡ್ಡ ಕೊರತೆಯಿದೆ. ಯಾರಿಗಾಗಿ ಇಷ್ಟೆಲ್ಲ ಜಗಳವಾಯಿತೋ ಆ ಅಜ್ಜಿಯ ಮಾತೇ ಇಲ್ಲ. ಬುಟಾಲಿಯಾ ಲಾಹೋರಿಗೆ ಹೋಗುವ ಮೊದಲೇ ಆಕೆ ತೀರಿಕೊಂಡಿದ್ದರು. ಲೇಖಕಿಯನ್ನು ದೂರುವಂತಿಲ್ಲ. ತಡವಾಗಿತ್ತು, ಅಷ್ಟೆ.

ನಮ್ಮ ಕಲ್ಯಾಣ ಕರ್ನಾಟಕಕ್ಕೂ ಇಂಥದೊಂದು ಮೌನವಿದೆ. 1948ರ ಸೆಪ್ಟೆಂಬರಿನ ‘ಪೊಲೀಸ್ ಆಕ್ಷನ್’ ಮತ್ತು ನಂತರದ ದಿನಗಳಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಪಂಡಿತ ಸುಂದರಲಾಲ್ ಸಮಿತಿ ಅಂದಾಜಿಸಿತ್ತು. ಬೀದರ್, ಗುಲ್ಬರ್ಗಾ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿದ್ದವು. ಆ ವರದಿ ದಶಕಗಳ ಕಾಲ ಜನರಿಗೆ ಸಿಗಲಿಲ್ಲ. ಮನೆಗಳಲ್ಲಿ ಮಾತ್ರ ಅದು ಪಿಸುಮಾತಿನಲ್ಲಿ ಉಳಿದಿತ್ತು.

ಬೀದರ್ ಕಡೆಯ ನನ್ನ ನಾನಿ ಎಲ್ಲರ ವಯಸ್ಸನ್ನೂ ಆ ಗಲಾಟೆಯಿಂದಲೇ ಲೆಕ್ಕ ಹಾಕುತ್ತಿದ್ದರು. ಪಕ್ಕದ ಮನೆಯ ಗೌಡರು ಖಾಲಿ ಹಗೇವಿನಲ್ಲಿ ತಮ್ಮನ್ನು ಅಡಗಿಸಿ ಉಳಿಸಿದ್ದನ್ನು ದಖನಿಯಲ್ಲಿ ಹೇಳುತ್ತಿದ್ದರು. ಜೊತೆಗೇ ಇನ್ನೊಂದನ್ನೂ ಹೇಳುತ್ತಿದ್ದರು: ಅದಕ್ಕೂ ಮೊದಲು ರಜಾಕಾರರು ಅದೇ ಗೌಡರ ಮನೆ ದೋಚಿದಾಗ ನಮ್ಮ ಮನೆಯ ಗಂಡಸರು ಸುಮ್ಮನಿದ್ದರು. ನಾನು ಹಗೇವನ್ನು ಕತೆ ಮಾಡಿದೆ. ಸುಮ್ಮನಿದ್ದುದನ್ನು ಬಿಟ್ಟೆ. ಶಜರಾ ಬರೆದವರಿಗಿಂತ ನಾನು ಮಾಡಿದ್ದು ಬೇರೆಯೇನಲ್ಲ. ಈಗ ನನ್ನ ಮಕ್ಕಳಿಗೆ ಗೊತ್ತಿರುವುದು ನನ್ನ ಕತೆ ಮಾತ್ರ, ನಾನಿಯ ಮಾತಲ್ಲ. ಕೇಳೋಣವೆಂದರೆ ನಾನಿ ಇಲ್ಲ.

ಅಮ್ಮಿ ಇದ್ದಾರೆ. ಮೊನ್ನೆ ಒಂದು ನೋಟ್‌ಬುಕ್ ತಂದಿದ್ದೇನೆ. ಅವರು ದಖನಿಯಲ್ಲಿ ಹೇಳಿದ್ದನ್ನು ತಿದ್ದದೆ ಕನ್ನಡ ಲಿಪಿಯಲ್ಲೇ ಇಳಿಸಿಕೊಳ್ಳುತ್ತಿದ್ದೇನೆ. ಮೊದಲ ಪುಟದಲ್ಲಿ ನಾನಿಯ ಹೆಸರು ಬರೆಸಿದರು. ಆಮೇಲೆ ಗೌಡರದು.