ಗುಡುಗುಡಿಯ ವಿನೋದ

ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಕುಣಿಯುವ ರಘು ದೀಕ್ಷಿತ್ ಮತ್ತು ತಂಡದ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ (1819–1889) ತತ್ವಪದಗಳಿವೆ. ರಾಕ್ ವೇದಿಕೆಯಲ್ಲಿ ಅವು ಹಗುರಾದವೆಂಬ ಆಕ್ಷೇಪ ಸಲ್ಲದು. ಗುಡುಗುಡಿಯಲ್ಲಿಯೂ ಸೋರುವ ಮಾಳಿಗೆಯಲ್ಲಿಯೂ ತತ್ವವನ್ನು ಕಂಡವರಿಗೆ ವಿನೋದ ಸಹಜಗುಣ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಈ ಪದಗಳ ಆರ್ತತೆ ಮುಂದಾಗಿತ್ತು. ಇಲ್ಲಿ ತುಂಟತನ ಮುಂದಾಗಿದೆ, ಅಷ್ಟೆ.

ತೊಡಕಿರುವುದು ಬೇರೆಡೆ. ಭಜನೆಯಲ್ಲಿ ಪ್ರತಿ ನುಡಿಯ ಬಳಿಕ ಪಲ್ಲವಿ ಹೊಸ ಅರ್ಥ ಹೊತ್ತು ಮರಳುತ್ತದೆ. ವೇದಿಕೆಯಲ್ಲಿ ಸಭಿಕರ ಪಾಲಿಗೆ ಉಳಿಯುವುದು ಪಲ್ಲವಿ ಮಾತ್ರ. ನುಡಿಗಳು ಡ್ರಮ್ಮಿನ ಭರದಲ್ಲಿ ಹಾದುಹೋಗುತ್ತವೆ. 2011ರಲ್ಲಿ ಈ ತಂಡ ಹಾಡಿದ ಗ್ಲಾಸ್ಟನ್‌ಬರಿಯಂಥ ಉತ್ಸವಗಳಲ್ಲಿ ಇದರಿಂದ ನಷ್ಟವೇನಿಲ್ಲ. ಕನ್ನಡವರಿಯದವರಿಗೆ ಲಯವೇ ಸಾಕು. ಆದರೆ ಗಡಿಯ ಈಚೆ, ನಾರಾಯಣಪೇಟೆ, ಮಕ್ತಲಗಳಲ್ಲಿ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು ಓದುವ ಹುಡುಗನ ಮೊಬೈಲಿಗೂ ಇದೇ ಹಾಡು ಬರುತ್ತದೆ. ಲಯ ಅವನಿಗೆ ಯಾವ ಭಾಷೆಯಲ್ಲಿಯೂ ಸಿಕ್ಕೀತು. ಕನ್ನಡ ಸಿಗಬೇಕಾದದ್ದು ನುಡಿಗಳಲ್ಲಿ. ಪಲ್ಲವಿಯೇನೋ ಅವನಿಗೆ ಬಾಯಿಪಾಠ. ಮುಂದಿನ ನುಡಿಯ ಅರ್ಥ ಕೇಳಬೇಕೆನಿಸಿದರೆ ಹೋಗಬೇಕಾದದ್ದು ಪಡಸಾಲೆಯಲ್ಲಿ ಕೂತ ಅಜ್ಜನ ಬಳಿಗೆ.