ಹೊಗೆಯಿಲ್ಲದ ಬೆಂಕಿ

2012ರಲ್ಲಿ ಶುರುವಾದ ಅಮೆರಿಕದ ‘ಶಿಕಾಗೊ ಫೈರ್’ ಧಾರಾವಾಹಿಯನ್ನು ಹೊಗಳುವವರು ಕೊಡುವ ಆಧಾರ ಗೊತ್ತಿದ್ದದ್ದೇ. ಶಿಕಾಗೊ ಅಗ್ನಿಶಾಮಕ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಸ್ಟೀವ್ ಚಿಕೆರೋಟಿಸ್ ಅದರ ಸಲಹೆಗಾರ, ಟೋನಿ ಎಂಬ ಪಾತ್ರ ಮಾಡಿದವರು ನಿಜವಾದ ಫೈರ್‌ಮನ್, ಠಾಣೆಯ ಹೊರನೋಟವೂ ನಿಜವಾದ ಠಾಣೆಯದೇ. ಅಷ್ಟರಿಂದಲೇ ಅದು ವಾಸ್ತವಕ್ಕೆ ಹತ್ತಿರ ಎಂಬ ತೀರ್ಮಾನ. ನಾನು ಒಪ್ಪುವುದಿಲ್ಲ.

ಒಂದು ಶಾಟಿನಲ್ಲಿ ಕೆನ್ನೆಗಿದ್ದ ಮಸಿ ಮುಂದಿನದರಲ್ಲಿ ಇಲ್ಲ ಎಂಬಂಥ ತಪ್ಪುಗಳು ನನಗೆ ದೊಡ್ಡವಲ್ಲ. ಊರಿನ ಅನಾಹುತಗಳಿಗೆಲ್ಲ ಕಥೆಯ 51ನೇ ಠಾಣೆಯೇ ಓಡುವುದನ್ನೂ ಕಥೆಯ ಅನುಕೂಲವೆಂದು ಬಿಡಬಹುದು. ಹೊಗೆಯ ವಿಷಯ ಮಾತ್ರ ಬಿಡಲಾಗದು.

ಧಾರಾವಾಹಿಯಲ್ಲಿ ಹೊತ್ತಿ ಉರಿಯುವ ಮನೆಯೊಳಗೆ ಬಹುತೇಕ ಎಲ್ಲವೂ ಕಾಣುತ್ತದೆ. ಗೋಡೆಗುಂಟ ಏರುವ ಜ್ವಾಲೆಯ ಬೆಳಕಿನಲ್ಲಿ ನಾಯಕ ಕೇಸಿಯ ಮುಖ ಸ್ಪಷ್ಟ. ಮಾತು ಮುಖ್ಯವಾದಾಗ ಮಾಸ್ಕ್ ಕಳಚುತ್ತದೆ. ನಿಜದಲ್ಲಿ ಸೋಫಾ, ಫೋಮು, ಪ್ಲಾಸ್ಟಿಕ್ಕು ಉರಿದ ಕಪ್ಪು ಹೊಗೆ ಚಾವಣಿಯಿಂದ ಕೆಳಗಿಳಿಯುತ್ತ ಕೋಣೆಯನ್ನೇ ತುಂಬುತ್ತದೆ. ಚಾಚಿದ ಕೈ ಕಾಣುವುದಿಲ್ಲ. ಸಿಬ್ಬಂದಿ ಗೋಡೆ ತಡವುತ್ತ ತೆವಳುತ್ತಾರೆ. ಬೆನ್ನಿಗಿರುವ 30 ನಿಮಿಷದ ಸಿಲಿಂಡರು ದುಡಿಮೆಯ ಏದುಸಿರಿಗೆ ಅದಕ್ಕೂ ಬೇಗ ಬರಿದಾಗುತ್ತದೆ. ಗಾಳಿ ತಗ್ಗಿದರೆ ಒಂದು ಅಲಾರಂ, ಆಳು ಅರ್ಧ ನಿಮಿಷ ಅಲುಗಾಡದಿದ್ದರೆ ಇನ್ನೊಂದು. ಈ ಗದ್ದಲದಲ್ಲಿ ಮನಸ್ಸು ಬಿಚ್ಚಿ ಮಾತಾಡುವಷ್ಟು ನಿಶ್ಶಬ್ದ ಎಲ್ಲಿಂದ ಬರಬೇಕು?

ನಟರ ಮುಖ ಕಾಣದಿದ್ದರೆ ನಾಟಕವೇ ಇಲ್ಲ ಎನ್ನುವ ವಿಮರ್ಶಕರ ಮೇಲೆ ನನಗೆ ಇನ್ನೂ ಹೆಚ್ಚು ತಕರಾರಿದೆ. ಕಾಣದ ಕಡೆ ನುಗ್ಗಬೇಕಾಗುವುದೇ ಆ ಕೆಲಸದ ನಾಟಕ. ಧಾರವಾಡ ಆಕಾಶವಾಣಿ 1950ರಿಂದ ಒಂದು ಮುಖವನ್ನೂ ತೋರಿಸದೆ ನಮ್ಮ ಸೀಮೆಯವರಿಗೆ ನಾಟಕ ಕೇಳಿಸಿದೆ, ಕಣ್ಣೀರು ಹಾಕಿಸಿದೆ. ಚಿತ್ರೀಕರಣದಲ್ಲಿ ಸುರಕ್ಷತೆ ಮೊದಲು ಎಂಬ ವಾದಕ್ಕೆ ಮಾತ್ರ ತಲೆಬಾಗುತ್ತೇನೆ. 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಮಂದಿ ಸತ್ತ ನಾಡು ಇದು. ಆದರೆ ಪರದೆ ಕಪ್ಪಾಗಿಸಿ ಉಸಿರಿನ ಸದ್ದನ್ನಷ್ಟೇ ಕೇಳಿಸಲು ಹೊಗೆ ಎಬ್ಬಿಸಬೇಕಿಲ್ಲ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಮೇಲಿನ ಮಹಡಿಗಳನ್ನು ಮುತ್ತಿದ್ದು ಹೊಗೆ. ಉಸಿರಿಗಾಗಿ ಕಿಟಕಿಯ ಗಾಜು ಒಡೆದರು, ಕೆಲವರು ಜಿಗಿದೇ ಬಿಟ್ಟರು. ಇದನ್ನು ಕಂಡ ಮೇಲೂ ನಮ್ಮವರೇ ಹೊಗೆಯನ್ನು ‘ತಾಂತ್ರಿಕ ವಿವರ’ ಎಂದು ತಳ್ಳಿಹಾಕಿದರೆ ಸಂಕಟವಾಗುತ್ತದೆ.

ಧಾರಾವಾಹಿಯ ಬೆಂಕಿ ಬೇಗ ಆರುತ್ತದೆ ಕೂಡ. ನಮ್ಮ ದುಮ್ಮವಾಡದ ಕಡೆ ಬಣವಿಗೆ ಬೆಂಕಿ ಬಿದ್ದರೆ ಮೇಲೆ ನೀರು ಹೊಡೆದು ಯಾರೂ ಮನೆಗೆ ಹೋಗುವುದಿಲ್ಲ. ಒಳಗೆ ಕಿಚ್ಚು ಉಳಿದಿರುತ್ತದೆ. ಹುಲ್ಲು ಹಿರಿದು, ಹರವಿ, ಮತ್ತೆ ನೀರು ಹಾಕಿ ಕಾಯಬೇಕು. ಶಿಕಾಗೊದಲ್ಲೂ ಗೋಡೆ, ಚಾವಣಿ ಒಡೆದು ಅಡಗಿದ ಕಿಡಿ ಹುಡುಕುವುದು ಸಿಬ್ಬಂದಿಯ ಬೆನ್ನು ಮುರಿಯುವ ಕೆಲಸ. ಧಾರಾವಾಹಿ ಆ ಕೆಲಸಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ಮುಂದಿನ ದೃಶ್ಯಕ್ಕೆ ಎಲ್ಲರೂ ಸ್ನಾನ ಮುಗಿಸಿ ‘ಮಾಲೀಸ್’ ಬಾರಿನಲ್ಲಿ ಕೂತಿರುತ್ತಾರೆ.