ಹೇಳುವವರೂ ಕೇಳುವವರೂ

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ನಾವು ರಾಯಚೂರು ಜಿಲ್ಲೆಯವರು ಬಹುಕಾಲದಿಂದ ಒಂದೇ ಕಾರಣಕ್ಕೆ ಕೊಂಡಾಡುತ್ತ ಬಂದಿದ್ದೇವೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಬರಹದಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ದೇವಾನಾಂಪ್ರಿಯನೆಂಬ ಅರಸ ಯಾರೆಂಬ ವಿದ್ವಾಂಸರ ಸಂದೇಹ ಅದರಿಂದ ತೀರಿತು. ಹೆಸರಿನ ಸಂಭ್ರಮದಲ್ಲಿ ಶಾಸನ ಹೇಳುವ ಮಾತು ಹಿಂದೆ ಬಿತ್ತು. ಧರ್ಮದಲ್ಲಿ ನಿರತನಾದ ಸಾಮಾನ್ಯನೂ ಫಲವನ್ನು ಪಡೆಯಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲೆಂದು ಭಾವಿಸಕೂಡದು, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ತಿಳಿಯಹೇಳಬೇಕು ಎಂಬುದು ಅದರ ತಾತ್ಪರ್ಯ. ಚಿಕ್ಕವರನ್ನು ದೊಡ್ಡವರ ಪಂಕ್ತಿಯಲ್ಲಿ ಕೂರಿಸಿದ್ದು ಎರಡು ಸಾವಿರ ವರ್ಷಗಳಿಗೂ ಹಿಂದಿನ ಅರಸನಿಗೆ ಸಣ್ಣ ಮಾತಲ್ಲ. ಆದರೆ ಭಾಷೆಯ ಅಧ್ಯಾಪಕನಾದ ನನ್ನ ಕಣ್ಣು ಕ್ರಿಯಾಪದದ ಮೇಲೆ ನಿಲ್ಲುತ್ತದೆ. ಅವರಿಗೆ ‘ಹೇಳಬೇಕು’ ಎಂದಿದೆ. ಅವರನ್ನು ‘ಕೇಳಬೇಕು’ ಎಂದಿಲ್ಲ.

ಈ ಕ್ರಿಯಾಪದವನ್ನು ತಿರುಗಿಸಿ ಹಾಕುವ ಒಂದು ಪ್ರಯೋಗ ಹೊರದೇಶಗಳಲ್ಲಿ ನಡೆದಿದೆ. ಅದಕ್ಕೆ ‘ನಾಗರಿಕ ಸಭೆ’ ಎಂದು ಹೆಸರು. ಮತದಾರರ ನಡುವಿನಿಂದ ಚೀಟಿ ಎತ್ತಿ ಜನರನ್ನು ಆರಿಸುವುದು, ತಜ್ಞರನ್ನು ಅವರ ಮುಂದೆ ನಿಲ್ಲಿಸಿ ಪ್ರಶ್ನಿಸಗೊಡುವುದು, ತಿಂಗಳುಗಟ್ಟಲೆ ಚರ್ಚಿಸಿದ ಮೇಲೆ ಅವರಿಂದಲೇ ಶಿಫಾರಸು ಪಡೆಯುವುದು ಅದರ ಕ್ರಮ. ಐರ್ಲೆಂಡಿನಲ್ಲಿ 99 ಜನ ನಾಗರಿಕರ ಇಂಥ ಸಭೆ 2017ರಲ್ಲಿ ಹವಾಮಾನದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಫ್ರಾನ್ಸಿನಲ್ಲಿ 2019ರ ಅಕ್ಟೋಬರಿನಿಂದ 2020ರ ಜೂನ್‌ವರೆಗೆ 150 ಜನ ಕುಳಿತು 149 ಸಲಹೆಗಳನ್ನು ಕೊಟ್ಟರು. ಅವನ್ನು ಸೋಸದೆ ಮುಂದಿಡುತ್ತೇನೆಂದು ಅಧ್ಯಕ್ಷ ಮಾಕ್ರೋನ್ ಮಾತು ಕೊಟ್ಟಿದ್ದರು. ವರದಿ ಕೈಸೇರಿದೊಡನೆ ಮೂರನ್ನು ಅವರೇ ತೆಗೆದಿಟ್ಟರು, ಉಳಿದವುಗಳಲ್ಲಿ ಅನೇಕ ತೆಳ್ಳಗಾದವು. 2021ರಲ್ಲಿ ಸಭೆಯ ಸದಸ್ಯರು ಮತ್ತೆ ಸೇರಿ, ಸರ್ಕಾರ ತಮ್ಮ ಮಾತನ್ನು ನಡೆಸಿಕೊಟ್ಟ ಬಗೆಗೆ ಅಂಕ ಹಾಕಿದರು: ಹತ್ತಕ್ಕೆ 3.3. ವರ್ಷಕ್ಕೆರಡು ಸಲ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವ ನನಗೆ ಆ ಅಂಕದ ಭಾವಾರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಇದರಲ್ಲಿ ಹೊಸದೇನಿದೆ, ನಮ್ಮಲ್ಲಿ ಅನುಭವ ಮಂಟಪವೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಸಿಂಧನೂರು, ಲಿಂಗಸುಗೂರುಗಳ ಯಾವ ವೇದಿಕೆಯಲ್ಲಿ ಏನು ಮಾತು ಎದ್ದರೂ ಮೊದಲ ಭಾಷಣಕಾರರು ಕಲ್ಯಾಣಕ್ಕೆ ಹೋಗಿ ಬಂದೇ ಬರುತ್ತಾರೆ. ಶರಣರ ಬಗೆಗೆ ನನಗಿರುವ ಗೌರವ ಯಾರಿಗಿಂತಲೂ ಕಡಿಮೆಯದಲ್ಲ. ಆದರೆ ಹನ್ನೆರಡನೆಯ ಶತಮಾನದ ಹೆಸರು ಹೇಳಿ ಇಪ್ಪತ್ತೊಂದನೆಯ ಶತಮಾನದ ಬಾಕಿಯನ್ನು ತೀರಿಸಲಾಗದು. ಇನ್ನು ಕೆಲವರು ಗ್ರಾಮಸಭೆಯನ್ನು ತೋರಿಸುತ್ತಾರೆ. ಅದು 1993ರ ಪಂಚಾಯತ್ ರಾಜ್ ಕಾಯಿದೆಯ ಒಳ್ಳೆಯ ಕೊಡುಗೆ; ಆದರೆ ಅದರ ಗಡಿ ಊರಿನ ಗಡಿ. ಕಾಲುವೆಗೆ ಊರಿನ ಗಡಿ ಗೊತ್ತಿಲ್ಲ. ಮೇಲಿನ ಊರಿನವರು ತಮ್ಮ ಗ್ರಾಮಸಭೆಯಲ್ಲಿ ಒಮ್ಮತದಿಂದ ಮಾಡಿಕೊಂಡ ಠರಾವು ಕೆಳಗಿನ ಊರಿನ ಹೊಲವನ್ನು ಒಣಗಿಸಬಹುದು.

ಕಾಲುವೆಯ ಮಾತು ಬಂದದ್ದರಿಂದ ಅಲ್ಲಿಯೇ ನಿಲ್ಲುತ್ತೇನೆ. ಹವಾಮಾನವೆಂಬುದು ನಮ್ಮ ಸೀಮೆಯ ಜನರಿಗೆ ಕಾಣಿಸುವುದು ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ. 1953ರಲ್ಲಿ ನೀರು ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗ ಹೂಳಿನಿಂದಾಗಿ 105.788ಕ್ಕೆ ಇಳಿದಿದೆ. 2023ರಲ್ಲಿ ಮಳೆ ಕೈಕೊಟ್ಟು ಎರಡನೆಯ ಬೆಳೆಗೆ ನೀರಿಲ್ಲವಾಯಿತು. ಮರುವರ್ಷ ಹೊಳೆ ತುಂಬಿ ಬಂತು. ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು, ಕಷ್ಟಪಟ್ಟು ಕೂಡಿದ ನೀರು ಹರಿದುಹೋಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಮತ್ತೆ ಎರಡನೆಯ ಬೆಳೆ ನಿಂತಿತು. ಕಾಲುವೆಯ ಯೋಜನೆ ಮಾಡಿದವರು ಬಹುಪಾಲು ಭೂಮಿಗೆ ಗೊತ್ತುಮಾಡಿದ್ದು ಕಡಿಮೆ ನೀರಿನ ಬೆಳೆಗಳನ್ನು. ಬೆಳೆದದ್ದು ಭತ್ತ. ಸಿಂಧನೂರಿಗೆ ಭತ್ತದ ಕಣಜವೆಂಬ ಬಿರುದು ಬಂತು. ಮಾನ್ವಿ, ಸಿರವಾರದ ಕಡೆಯ ಕೊನೆಭಾಗದ ರೈತರಿಗೆ ರಸ್ತೆ ತಡೆಯುವ ಅಭ್ಯಾಸ ಬಂತು. ಬೇಸಗೆ ಸಮೀಪಿಸಿದರೆ ಅಕ್ರಮ ಪಂಪುಗಳನ್ನು ತಡೆಯಲು ಕಾಲುವೆಯ ಗುಂಟ ನಿಷೇಧಾಜ್ಞೆ ಹಾಕುವುದು ಒಂದು ಋತುಧರ್ಮವೇ ಆಗಿದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಕೊನೆಭಾಗದ ಒಕ್ಕಲಿಗರು, ಒಮ್ಮೆ ಹೇಳಿದರು: “ನಮ್ಮದು ನೀರು ನೋಡೋ ಕಾಲುವಿ ಅಲ್ರೀ ಸರ, ದಾರಿ ನೋಡೋ ಕಾಲುವಿ.”

ಈ ನೀರನ್ನು ಹಂಚಲು ನೀರಾವರಿ ಸಲಹಾ ಸಮಿತಿಯೆಂಬುದೊಂದು ಇದೆ. ಮಂತ್ರಿಗಳು, ಶಾಸಕರು, ಅಧಿಕಾರಿಗಳು ಕೂಡುತ್ತಾರೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಷ್ಟು ಕ್ಯೂಸೆಕ್ ಬಿಡಬೇಕೆಂಬುದು ಅಲ್ಲಿ ಗೊತ್ತಾಗುತ್ತದೆ. ರೈತ ಮುಖಂಡರ ಅಹವಾಲೂ ಅಲ್ಲಿಗೆ ಮುಟ್ಟುತ್ತದೆ. ‘ಕೇಳು’ ಎಂಬ ನಮ್ಮ ಧಾತು ವಿಚಿತ್ರವಾದದ್ದು: ಯಾಚಿಸುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಸಲಹಾ ಸಮಿತಿಯಲ್ಲಿ ಈ ಅರ್ಥಗಳು ಜನರ ನಡುವೆ ಪಾಲಾಗಿಬಿಟ್ಟಿವೆ. ರೈತರು ಕೇಳುತ್ತಾರೆ, ಎಂದರೆ ಬೇಡುತ್ತಾರೆ. ಅಧಿಕಾರಿಗಳು ಕೇಳುತ್ತಾರೆ, ಎಂದರೆ ಕಿವಿಗೆ ಹಾಕಿಕೊಳ್ಳುತ್ತಾರೆ. ಮೇಲ್ಭಾಗದ ರೈತ ಕೊನೆಭಾಗದ ರೈತನನ್ನು ಕೇಳುವ ಸಂದರ್ಭವೇ ಅಲ್ಲಿಲ್ಲ. ಇಬ್ಬರೂ ಮುಖ ಮಾಡುವುದು ವೇದಿಕೆಯ ಕಡೆಗೆ. ನೀರು ಬಳಕೆದಾರರ ಸಹಕಾರ ಸಂಘಗಳು ಈ ಕೊರತೆಯನ್ನು ತುಂಬಬೇಕಿತ್ತು. ಅವುಗಳ ಹೆಸರುಹಲಗೆಗಳನ್ನು ನಾನು ಓದಿದ್ದೇನೆ.

ಮೂರೂ ಅರ್ಥಗಳಲ್ಲಿ ‘ಕೇಳಿದ’ ಒಂದು ಸಭೆ ನಮ್ಮ ನೆರೆಯಲ್ಲಿಯೇ ಆಗಿತ್ತು ಎಂಬುದನ್ನು ನಾವು ಮರೆತಿದ್ದೇವೆ. ನಿಜಾಮರ ಕಾಲದಲ್ಲಿ ರಾಯಚೂರಿನಂತೆಯೇ ಹೈದರಾಬಾದಿಗೆ ಸೇರಿದ್ದ ಮೇದಕ್ ಜಿಲ್ಲೆಯಲ್ಲಿ, 2001ರ ಜೂನ್ ಕೊನೆಯ ವಾರ ‘ಪ್ರಜಾತೀರ್ಪು’ ನಡೆಯಿತು. ಅಂದಿನ ಆಂಧ್ರ ಸರ್ಕಾರ ‘ವಿಷನ್ 2020’ ಎಂಬ ಯೋಜನೆಯಲ್ಲಿ ಯಂತ್ರ ಬೇಸಾಯ, ಕುಲಾಂತರಿ ಬೀಜ, ಹೊಲ ಬಿಟ್ಟು ಹೊರಬರುವ ಜನ, ಇವೆಲ್ಲವನ್ನೂ ಭವಿಷ್ಯವೆಂದು ಬರೆದಿತ್ತು. ಆ ಭವಿಷ್ಯವನ್ನೂ ಅದಕ್ಕೆ ಪ್ರತಿಯಾದ ಬೇರೆ ಎರಡು ಭವಿಷ್ಯಗಳನ್ನೂ ಚಿತ್ರಪಟದಲ್ಲಿ ತೋರಿಸಿ, ಸಾಕ್ಷಿಗಳನ್ನು ಕರೆಸಿ, 19 ಜನ ತೀರ್ಪುಗಾರರ ಮುಂದಿಟ್ಟರು. ಹೆಚ್ಚಿನವರು ಹೆಂಗಸರು, ಬಹುಪಾಲು ಸಣ್ಣ ಹಿಡುವಳಿಯವರು. ಅವರು ಸರ್ಕಾರದ ಭವಿಷ್ಯವನ್ನು ಒಪ್ಪಲಿಲ್ಲ. ಉಳಿದೆರಡರಲ್ಲಿ ಒಂದನ್ನು ಹಾಗೆಯೇ ಎತ್ತಿಕೊಳ್ಳಲೂ ಇಲ್ಲ. ತಮ್ಮದೇ ಒಂದನ್ನು ಕಟ್ಟಿದರು: ನೆಲ, ಬೀಜ, ಗೊಬ್ಬರ, ಊಟ ತಮ್ಮ ಕೈಯಲ್ಲಿರಬೇಕು, ಯಂತ್ರ ಬಂದು ಕೂಲಿ ಹೋಗಬಾರದು.

ಅದರ ವರದಿ 2002ರಲ್ಲಿ ಅಚ್ಚಾಯಿತು. ಆಯ್ಕೆಯ ವಿಧಾನ ಸರಿಯಿಲ್ಲ, ಇಷ್ಟು ಜನ ಇಡೀ ರಾಜ್ಯದ ಪ್ರತಿನಿಧಿಗಳು ಹೇಗಾದಾರು ಎಂಬ ಆಕ್ಷೇಪ ಎದ್ದಿತು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ, ಆದರೆ ‘ವಿಷನ್ 2020’ ಬರೆದ ಸಲಹೆಗಾರರು ಯಾರ ಪ್ರತಿನಿಧಿಗಳೆಂಬ ಪ್ರಶ್ನೆಯನ್ನು ಇಷ್ಟೇ ಕಟ್ಟುನಿಟ್ಟಾಗಿ ಕೇಳಿದ್ದರೆ ಆಕ್ಷೇಪಕ್ಕೆ ತೂಕ ಬರುತ್ತಿತ್ತು. ನನ್ನ ತಕರಾರು ಬೇರೆ. ತೆಲುಗಿನ ಹೆಣ್ಣುಮಕ್ಕಳು ಆಡಿದ ಮಾತನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ. ಅಲ್ಲಿ ಅವರ ಮಾತು ಇಸ್ತ್ರಿ ಹಾಕಿದಂತೆ ನುಣ್ಣಗಾಗಿದೆ. ಒಂದು ಬಗೆಯ ಜೋಳದ ಹೆಸರು, ಒಂದು ಬೈಗಳು, ಅಳುಕಿ ನಿಂತ ಒಂದು ವಾಕ್ಯ ಉಳಿದಿದ್ದರೆ ವಾದ ಇನ್ನೂ ಬಲವಾಗುತ್ತಿತ್ತು. ನಮ್ಮ ರಾಜ್ಯದ ಹವಾಮಾನ ಕ್ರಿಯಾ ಯೋಜನೆಯಲ್ಲಂತೂ ಮಾತಾಡುವ ಕರ್ತೃವೇ ಸಿಗುವುದಿಲ್ಲ. ಎಲ್ಲವೂ ಕರ್ಮಣಿ ಪ್ರಯೋಗ: ಕೈಗೊಳ್ಳಲಾಗುವುದು, ಬಲಪಡಿಸಲಾಗುವುದು.

ನಮ್ಮ ಮೂರು ತಾಲ್ಲೂಕುಗಳು ಒಂದೇ ಹೆದ್ದಾರಿಯ ಮೇಲಿವೆ. ಸಿಂಧನೂರಿನಿಂದ ಹೊರಟವನು ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಗದ್ದೆಯಿಂದ ತೊಗರಿ, ಸಜ್ಜೆಯ ಹೊಲಕ್ಕೆ ಬಂದಿರುತ್ತಾನೆ. ಇಲ್ಲಿ ಚೀಟಿ ಎತ್ತಿದರೆ ಯಾರು ಬಂದಾರು? ಕ್ಯಾಂಪಿನ ತೆಲುಗು ರೈತ, ಆರ್.ಎಚ್. ಕ್ಯಾಂಪಿನ ಬಂಗಾಳಿ, ಲಿಂಗಸುಗೂರು ಕಡೆಯ ತಾಂಡಾದವಳು, ಹಟ್ಟಿಯ ಗಣಿ ಕೆಲಸಗಾರ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರ ಕೊನೆಗೆ ಧರಣಿ ಕುಳಿತು, ನೂರು ದಿನ ದಾಟಿಸಿ, 2021ರ ಉಪಚುನಾವಣೆಯವರೆಗೂ ಏಳದಿದ್ದವರ ಪೈಕಿ ಒಬ್ಬ. ಕಾಲುವೆ ಬೇಕೆಂದು ಅವರು ಕೇಳಿದರು, ಏತ ನೀರಾವರಿ ಕೊಡುತ್ತೇವೆಂದು ಸರ್ಕಾರ ಹೇಳಿತು. ಯಾವುದರಲ್ಲಿ ಎಷ್ಟು ನೀರು, ಎಷ್ಟು ಕರೆಂಟು, ಬರದ ವರ್ಷ ಯಾವುದು ಮೊದಲು ಒಣಗುತ್ತದೆ ಎಂಬುದನ್ನು ಎಂಜಿನಿಯರರು ಅವರೆದುರು ಸಾಕ್ಷಿ ಹೇಳುವಂತೆ ಬಿಡಿಸಿ ಹೇಳಿ, ಅಡ್ಡಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಜಗಳದ ಸ್ವರೂಪವೇ ಬೇರೆಯಾಗುತ್ತಿತ್ತು. ಧರಣಿಯ ಶಾಮಿಯಾನದ ಕೆಳಗೆ ಅಡ್ಡಪ್ರಶ್ನೆಗೆ ಅವಕಾಶವಿರುವುದಿಲ್ಲ. ಅಲ್ಲಿರುವುದು ಮನವಿ ಪತ್ರ.

ಚೀಟಿಯಲ್ಲಿ ಬರಲೇಬೇಕಾದವಳು ಇನ್ನೊಬ್ಬಳಿದ್ದಾಳೆ. ನಿಂತ ನೀರಿನ ಗದ್ದೆಯಿಂದ ಮೀಥೇನ್ ಏಳುತ್ತದೆ, ಅದು ಭೂಮಿಯನ್ನು ಕಾಯಿಸುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅದಕ್ಕೂ, ನೀರಿನ ಉಳಿತಾಯಕ್ಕೂ, ಅವರು ಸೂಚಿಸುವ ದಾರಿಗಳಲ್ಲಿ ಒಂದು ಕೂರಿಗೆ ಭತ್ತ: ಸಸಿಮಡಿ ಬೇಡ, ನಾಟಿ ಬೇಡ, ಕೆಸರು ಮಾಡುವುದು ಬೇಡ, ಬೀಜವನ್ನು ನೇರವಾಗಿ ಬಿತ್ತಿದರಾಯಿತು. ನಮ್ಮಲ್ಲಿ ಹಲವರು ಬಿತ್ತಿ ಲಾಭವನ್ನೂ ಕಂಡಿದ್ದಾರೆ. ನೀರು ಉಳಿದರೆ ಕೊನೆಭಾಗಕ್ಕೆ ಒಳ್ಳೆಯದು, ಮೀಥೇನ್ ಕಡಿಮೆಯಾದರೆ ಲೋಕಕ್ಕೆ ಒಳ್ಳೆಯದು. ಇದಕ್ಕೆ ಎದುರಾಡುವವರು ಯಾರು ಎಂದು ನಾನು ಬಹಳ ದಿನ ನಂಬಿದ್ದೆ. ನಮ್ಮ ಓಣಿಯ ಹೆಂಗಸೊಬ್ಬಳು ಹನ್ನೆರಡು ಜನರ ಗುಂಪು ಕಟ್ಟಿಕೊಂಡು ಎಕರೆ ಲೆಕ್ಕದ ಮೇಲೆ ನಾಟಿಯ ಗುತ್ತಿಗೆ ಹಿಡಿಯುತ್ತಾಳೆ. ಅವಳು ಕೇಳಿದಳು: “ಕೂರಿಗಿ ಬಂದ್ರ ನಮ್ಮ ಕೈ ಏನ್ ಮಾಡ್ಬೇಕ್ರಿ ಸರ?” ಮೇದಕ್‌ನ ಹೆಂಗಸರು ಕೇಳಿದ್ದೂ ಇದೇ. ಅವಳಿಗೆ ಹೊಲವಿಲ್ಲ, ಆದ್ದರಿಂದ ಅವಳು ನೀರು ಬಳಕೆದಾರಳಲ್ಲ. ಸಲಹಾ ಸಮಿತಿಯಲ್ಲಿ ಅವಳ ಅಹವಾಲು ಹೊರುವ ಮುಖಂಡರೂ ಇಲ್ಲ. ನೀರು, ಗಾಳಿ, ಕೂಲಿ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುವ ಜಾಗ ಸದ್ಯಕ್ಕೆ ಸಿಂಧನೂರಿನಲ್ಲಿಲ್ಲ. ಅಂಥ ಸಭೆಯೊಂದು ಇಲ್ಲಿ ಕೂಡಬೇಕೆಂದು ನಾನು ಬಯಸುವುದು ಈ ಒಂದು ಕಾರಣಕ್ಕೆ. ಅದರ ತೀರ್ಮಾನ ಕೂರಿಗೆಯ ಪರವಾದರೂ ಚಿಂತೆಯಿಲ್ಲ, ಅವಳ ಪ್ರಶ್ನೆ ಕಡತದಲ್ಲಿ ಅವಳ ಮಾತಿನಲ್ಲಿಯೇ ಇರಬೇಕು, ಅದಕ್ಕೆ ಸರ್ಕಾರ ಲಿಖಿತ ಉತ್ತರ ಕೊಡಬೇಕು. ಇಲ್ಲವಾದರೆ ನಮಗೂ ಹತ್ತಕ್ಕೆ 3.3.

ಫ್ರಾನ್ಸಿನವರು ಸಭೆಗೆ ಬಂದವರಿಗೆ ದಿನಕ್ಕಿಷ್ಟೆಂದು ಭತ್ಯ ಕೊಟ್ಟರು. ಇಲ್ಲಿಯೂ ಕೊಡಬೇಕಾದೀತು. ಅಷ್ಟು ಮಾತ್ರವಲ್ಲ, ತಾರೀಖನ್ನೂ ನೋಡಬೇಕಾದೀತು. ಮುಂಗಾರಿನ ನೀರು ಬಿಟ್ಟ ಮೇಲೆ ನಾಟಿ ಮುಗಿಯುವವರೆಗೆ ಅವಳು ಬೆಳಗಿನ ಆರಕ್ಕೆ ಟಂಟಂ ಹತ್ತಿದರೆ ಕತ್ತಲಾದ ಮೇಲೆಯೇ ಮನೆಗೆ ಬರುವುದು.